ಭುಜಸ್ನಾಯುಗಳ ಗಾಯ: ಭೌತಚಿಕಿತ್ಸೆ

ಭುಜದ ಕೀಲನ್ನು ಆವರಿಸಿರುವ ನಾಲ್ಕು ಸ್ನಾಯುಗಳಿಗೂ ಅವುಗಳ ರಜ್ಜುಗಳಿಗೂ ಒದಗುವ ಸವೆತ, ಉಳುಕು, ಹರಿಯುವಿಕೆಗಳನ್ನು ವ್ಯಾಯಾಮವೇ ಪ್ರಧಾನವಾದ ಉಪಾಯಗಳಿಂದ ಶಮನಗೊಳಿಸುವ ಕ್ರಮ. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್, ಸಬ್‌ಸ್ಕ್ಯಾಪ್ಯುಲಾರಿಸ್ ಎಂಬ ಈ ನಾಲ್ಕರ ಸಮುದಾಯಕ್ಕೆ ರೊಟೇಟರ್ ಕಫ್ ಎಂದು ಹೆಸರು. ಹೆಗಲೆಲುಬಿನ ಗುಳಿ ಆಳವಿಲ್ಲದ್ದೂ ತೋಳೆಲುಬಿನ ತಲೆ ಅದಕ್ಕಿಂತ ಬಹಳ ದೊಡ್ಡದೂ ಆಗಿರುವುದರಿಂದ, ತೋಳನ್ನು ಎತ್ತುವಾಗ ಆ ತಲೆಯನ್ನು ಗುಳಿಯ ನಡುವೆ ನಿಲ್ಲಿಸುವ ಹೊಣೆ ಬಹುಮಟ್ಟಿಗೆ ಇವುಗಳದೇ. ಗಾಯ ಹೆಚ್ಚಾಗಿ ತಗಲುವುದು ಸುಪ್ರಾಸ್ಪೈನೇಟಸ್ ರಜ್ಜುವಿಗೆ.

ಇತಿಹಾಸ: ಲಂಡನ್ನಿನ ಜೆ. ಜಿ. ಸ್ಮಿತ್ ಎಂಬಾತ ಶವಪರೀಕ್ಷೆಯಲ್ಲಿ ಕಂಡ ಹರಿದ ರಜ್ಜುಗಳನ್ನು 1834ರಲ್ಲಿಯೇ ವರ್ಣಿಸಿದ್ದನಾದರೂ, ವಿಷಯಕ್ಕೆ ಶಾಸ್ತ್ರದ ಸ್ವರೂಪವಿತ್ತವನು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. ಆತನ ಬೃಹದ್ಗ್ರಂಥ 1934ರಲ್ಲಿ ಪ್ರಕಟವಾಯಿತು. ಆತನ ಹೆಸರಿನಿಂದಲೇ ಪ್ರಸಿದ್ಧವಾದ ತೂಗುವ ವ್ಯಾಯಾಮದ ತತ್ತ್ವ ಮನನೀಯವಾದುದು: ನೆಟ್ಟಗೆ ನಿಂತು ತೋಳೆತ್ತಬೇಕಾದರೆ ಸ್ನಾಯು ಭೂಮಿಯ ಆಕರ್ಷಣೆಯನ್ನು ಎದುರಿಸಿ ದುಡಿಯಬೇಕು; ಆದರೆ ಸೊಂಟದಿಂದ ಮುಂದಕ್ಕೆ ಬಾಗಿ ತೋಳನ್ನು ಸಡಿಲವಾಗಿ ಜೋತುಬಿಟ್ಟರೆ, ಅದೇ ಆಕರ್ಷಣೆಯ ನೆರವಿನಿಂದ, ಗಾಯಗೊಂಡ ರಜ್ಜುವಿಗೆ ಶ್ರಮ ಕೊಡದೆಯೇ, ತೋಳು ದೇಹಕ್ಕೆ ಕೋನವಾಗಿ ನಿಲ್ಲುತ್ತದೆ. ಓಲಾಟ ಹುಟ್ಟಬೇಕಾದುದು ಮುಂಡದ ಚಲನೆಯಿಂದ. ತೋಳನ್ನೇ ಬಲವಂತವಾಗಿ ತಿರುಗಿಸುವ ರೋಗಿಗಳು ಈ ವ್ಯಾಯಾಮದ ಉದ್ದೇಶವನ್ನೇ ಕೆಡಿಸಿಕೊಳ್ಳುತ್ತಾರೆ.

1972ರಲ್ಲಿ ಶಸ್ತ್ರವೈದ್ಯ ಚಾರ್ಲ್ಸ್ ನೀರ್, ಹೆಗಲೆಲುಬಿನ ಮೇಲಣ ಚಾಚು ರಜ್ಜುವನ್ನು ಉಜ್ಜುವುದೇ ನೋವಿಗೆ ಕಾರಣವೆಂದು ವಾದಿಸಿದ ತರುವಾಯ ಆ ಚಾಚನ್ನು ಕೆತ್ತುವ ಶಸ್ತ್ರಕ್ರಿಯೆ ಬಹುಕಾಲ ರೂಢಿಯಲ್ಲಿತ್ತು. ಆದರೆ 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ, ಎಲುಬನ್ನು ಮುಟ್ಟದೆ ಕೀಲುದರ್ಶಕವನ್ನು ಮಾತ್ರ ಒಳಗಿಟ್ಟು ನೋಡಿದವರಿಗಿಂತ ಕೆತ್ತಿಸಿಕೊಂಡವರಿಗೆ ಗಣನೀಯವಾದ ಅಧಿಕ ಲಾಭ ಕಾಣಲಿಲ್ಲ.

ಚಿಕಿತ್ಸೆ: ವಯಸ್ಸಾದವರಲ್ಲಿ ನೋವಿಲ್ಲದೆಯೇ ರಜ್ಜು ಹರಿದಿರುವುದು ಅಪೂರ್ವವಲ್ಲವಾದ್ದರಿಂದ, ಎಂ.ಆರ್.ಐ. ಚಿತ್ರವೊಂದನ್ನೇ ನೆಚ್ಚಿ ಶಸ್ತ್ರಕ್ರಿಯೆಯನ್ನು ನಿಶ್ಚಯಿಸುವುದು ಯುಕ್ತವಲ್ಲ. ಮೊದಲು ಕೀಲನ್ನು ಅಲುಗಿಸದೆ ಸ್ನಾಯುವನ್ನು ಬಿಗಿಯುವುದು, ಬಳಿಕ ರಬ್ಬರ್ ಪಟ್ಟಿಯಿಂದ ತೋಳನ್ನು ಹೊರಕ್ಕೆ ತಿರುಗಿಸುವುದು, ಹೆಗಲೆಲುಬನ್ನು ಹಿಡಿದಿರುವ ಸ್ನಾಯುಗಳನ್ನು ಬಲಪಡಿಸುವುದು, ಕಡೆಗೆ ಭಾರವನ್ನು ಮೆಲ್ಲನೆ ಏರಿಸುವುದು ವಾಡಿಕೆ. ಸುಮಾರು 12 ವಾರಗಳ ಸಾಧನೆಯಾದರೂ ಬೇಕು. ಪೆಟ್ಟಿಲ್ಲದೆ ಪೂರ್ಣವಾಗಿ ಹರಿದ ರಜ್ಜುಗಳುಳ್ಳವರನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಎರಡು ವರ್ಷಗಳ ಅವಧಿಯಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ವ್ಯಾಯಾಮವೇ ಸಾಕಾಯಿತು. ಆದರೆ ಪದೇ ಪದೇ ಚಿಕಿತ್ಸಕನ ಬಳಿಗೆ ಹೋಗುವುದು ಅನಿವಾರ್ಯವೆನ್ನಲಾಗದು: 708 ಜನರ ಮೇಲೆ ನಡೆದ 2021ರ ಬ್ರಿಟಿಷ್ ಪರೀಕ್ಷೆಯಲ್ಲಿ, ಒಂದೇ ಭೇಟಿಯಲ್ಲಿ ಸಮರ್ಪಕ ಸಲಹೆ ಪಡೆದವರೂ ಹಲವು ಭೇಟಿಗಳ ಶಿಕ್ಷಣ ಪಡೆದವರಷ್ಟೇ ಗುಣ ಕಂಡರು. ಶಾಖ, ಅಲ್ಟ್ರಾಸೌಂಡ್ ಮುಂತಾದವುಗಳ ಪ್ರಯೋಜನ ಅಲ್ಪವೆಂದೇ ತೋರುತ್ತದೆ.

ಬಿದ್ದು ಪೆಟ್ಟಾದೊಡನೆ ತೋಳೆತ್ತುವ ಶಕ್ತಿಯೇ ಉಡುಗಿದವರು ಮಾತ್ರ ವ್ಯಾಯಾಮವನ್ನು ನೆಚ್ಚಿ ವಾರಗಳನ್ನು ಕಳೆಯದೆ ಶಸ್ತ್ರವೈದ್ಯರನ್ನು ಬೇಗನೆ ಕಾಣತಕ್ಕದ್ದು.