ಅನ್ನದ ಲೆಕ್ಕ

ಚರಿತ್ರೆ ಎಂದೊಡನೆ ಅರಸರ ವಂಶಾವಳಿಯೂ ಕದನಗಳೂ ನಮ್ಮ ನೆನಪಿಗೆ ಬರುವುವಲ್ಲದೆ, ಒಲೆ, ಒರಳು, ಕಣಜಗಳಿಗೂ ಒಂದು ಚರಿತ್ರೆಯುಂಟೆಂಬುದು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಮನೆಯಲ್ಲಿ ಆಹಾರವು ವ್ಯರ್ಥವಾಗದಂತೆ ನೋಡಿಕೊಳ್ಳುವ ವಿದ್ಯೆಯನ್ನು ಮಕ್ಕಳಿಗೆ ಶಾಲೆಯಲ್ಲಿ ಕಲಿಸಬೇಕೆಂಬ ಮಾತು ಈಚೆಗೆ ದೇಶದೇಶಗಳಲ್ಲಿ ಕೇಳಿಬರುತ್ತಿದೆ. ವಿಶ್ವಸಂಸ್ಥೆಯು 2019ರಲ್ಲಿ ಸೆಪ್ಟೆಂಬರ್ 29ನೆಯ ದಿನವನ್ನು ಈ ತಿಳಿವಳಿಕೆಗಾಗಿಯೆ ಮೀಸಲಿಟ್ಟಿತು. ಇದು ನಮಗೆ ಹೊಸ ವಿದ್ಯೆಯೆ? ನಮ್ಮ ಕಾಫಿಯ ಮಲೆಗಳಲ್ಲಿ ಹಿಂದೆ ಇದನ್ನು ಯಾರು ಕಲಿಸುತ್ತಿದ್ದರು? ಆ ಪಾಠವು ಎಲ್ಲಿ ನಿಂತುಹೋಯಿತು? ಈ ಪ್ರಶ್ನೆಗಳನ್ನು ಕುರಿತು ಕೊಂಚ ವಿಚಾರಮಾಡುವುದು ಈ ಲೇಖನದ ಉದ್ದೇಶ.

1947ರವರೆಗೆ ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ನಮ್ಮ ಜಿಲ್ಲೆಯ ಶಾಸನಗಳನ್ನು ರೈಸ್ ಮಹಾಶಯರು 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 6ನೆಯ ಸಂಪುಟವಾಗಿ ಪ್ರಕಟಿಸಿದರು. ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು, ಎಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಈ ಜಿಲ್ಲೆಯದೆ. ಭದ್ರೆಯ ದಡದ ಕಳಸವೂ ಈ ಜಿಲ್ಲೆಯದೆ. ನಾಡಿನ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಜೀರ್ಣೋದ್ಧಾರ, ನೈವೇದ್ಯಗಳ ಜೊತೆಯಲ್ಲಿ ಆಹಾರದಾನಕ್ಕೆಂದು ಭೂಮಿಯನ್ನು ಬಿಟ್ಟು, ಎಷ್ಟೋ ಕಡೆ ಅಕ್ಕಿಯ ಅಳತೆಯನ್ನೂ ಕಲ್ಲಿನಲ್ಲಿಯೆ ಕೊರೆಯಿಸಿದರು. ದಾನವು ಅಳತೆಯಿಲ್ಲದ ಔದಾರ್ಯವೆಂದು ನಾವು ಭಾವಿಸುವುದುಂಟು. ಆದರೆ ಅಳೆಯದೆ ಕೊಟ್ಟ ದಾನವು ನಾಳೆಗೆ ಉಳಿಯದೆಂಬುದನ್ನು ಅವರು ಬಲ್ಲವರಾಗಿದ್ದರು.

ಕಲ್ಲಿನ ಲೆಕ್ಕಕ್ಕಿಂತ ಸೂಕ್ಷ್ಮವಾದ ಲೆಕ್ಕವು ಮಲೆನಾಡಿನ ಅಡಿಗೆಮನೆಯಲ್ಲಿ ನಡೆಯುತ್ತಿದ್ದಿತು. ಅದಕ್ಕೆ ಕಾರಣ ಮಳೆ. ಕಳಸ, ಮೂಡಿಗೆರೆಗಳ ಕಡೆ ಮಳೆಗಾಲ ಹಿಡಿಯಿತೆಂದರೆ ಹಳ್ಳಗಳು ತುಂಬಿ ದಾರಿ ಕಟ್ಟುತ್ತಿದ್ದುವು. ಸಂತೆಯ ಆಸೆಯನ್ನು ಬಿಡಬೇಕಾಗುತ್ತಿದ್ದಿತು. ಆದುದರಿಂದ ಬೇಸಗೆಯಲ್ಲಿಯೆ ಮನೆಯವರೆಲ್ಲರೂ ಮಳೆಗಾಲಕ್ಕೆ ಸಿದ್ಧರಾಗಬೇಕು. ಮಾವಿನ ಮಿಡಿ ಉಪ್ಪಿಗೆ ಬೀಳುವುದು. ಬಲಿತ ಹಲಸು ಹಪ್ಪಳವಾಗುವುದು. ಬಲಿತ ತೊಳೆ ಉಪ್ಪುನೀರಿನ ಭರಣಿಗೆ ಸೇರುವುದು. ಬೀಜವನ್ನೂ ಎಸೆಯದೆ ಮಣ್ಣು ಸವರಿ ಕಾಪಿಡುವುದು. ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆಂದು ಬಾಳಕವಾಗಿ ಒಣಗುವುದು. ಸೌತೆಕಾಯಿಗಳು ಬಾಳೆಯ ನಾರಿನ ಕಟ್ಟಿನಲ್ಲಿ ಅಟ್ಟದ ತೊಲೆಗೆ ತೂಗಾಡುವುವು. ಪಣತದ ಬತ್ತವು ಮುಂದಿನ ಕೊಯ್ಲಿನವರೆಗೆ ಬರಬೇಕೆಂದು ಅಳೆದೇ ತೆಗೆಯುವರು.

ಅಡಿಗೆಯಲ್ಲಿಯೂ ಹಾಗೆಯೆ. ಹೀರೆಕಾಯಿಯ ತಿರುಳು ಹುಳಿಗಾದರೆ ಸಿಪ್ಪೆ ಚಟ್ನಿಗೆ. ಬಾಳೆಯಲ್ಲಿ ಹಣ್ಣು, ಕಾಯಿ, ಹೂವು, ದಿಂಡುಗಳೆಲ್ಲವೂ ಉಣಿಸೆ, ಎಲೆಯೆ ತಟ್ಟೆ. ರಾತ್ರಿ ಮಿಕ್ಕ ಅನ್ನವು ಬೆಳಗ್ಗೆ ಅಕ್ಕಿಹಿಟ್ಟಿನೊಡನೆ ಕಲಸಿ ರೊಟ್ಟಿಯಾಗುವುದು. ಅಕ್ಕಿ ತೊಳೆದ ನೀರೂ ತರಕಾರಿಯ ತೊಟ್ಟುಗಳೂ ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿಗೆ. ಹಸುವಿನ ಗೊಬ್ಬರ ಗದ್ದೆಗೆ. ಗದ್ದೆಯ ಬತ್ತ ಮರಳಿ ಪಣತಕ್ಕೆ. ಈ ಚಕ್ರದಲ್ಲಿ ‘ಕಸ’ವೆಂಬುದಕ್ಕೆ ಹೆಚ್ಚಿನ ಎಡೆಯಿರಲಿಲ್ಲ. ಹಪ್ಪಳ ಕಾಯಲು ಕುಳಿತ ಹುಡುಗನೂ ಕಲಗಚ್ಚನ್ನು ಹೊತ್ತ ಹುಡುಗಿಯೂ ಪಾಠವೆಂದು ಅರಿಯದೆಯೆ ಪಾಠವನ್ನು ಕಲಿಯುತ್ತಿದ್ದರು.

ಆದರೆ ಹಿಂದಿನದೆಲ್ಲವೂ ಚಿನ್ನವೆಂದು ಹೊಗಳಿ ನಿಲ್ಲುವುದು ಚರಿತ್ರೆಯ ಧರ್ಮವಲ್ಲ. ಈ ಮಿತವ್ಯಯದ ಭಾರವು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಎಲ್ಲರೂ ಉಂಡ ಮೇಲೆ ಕಡೆಗೆ ಕುಳಿತು, ಮಿಕ್ಕಿದುದರಲ್ಲಿ ತೃಪ್ತಿಪಡಬೇಕಾಗಿದ್ದವರು ಮನೆಯ ಹೆಂಗಸರು; ತಂಗಳು ಹೋಗುತ್ತಿದ್ದುದು ಬಹುಮಟ್ಟಿಗೆ ಆಳುಕಾಳುಗಳ ಪಾಲಿಗೆ. ಅನ್ನ ಹಾಳಾಗಲಿಲ್ಲವೆಂಬ ಹೆಮ್ಮೆಯ ಹಿಂದೆ ಯಾರೋ ಒಬ್ಬರ ಅರೆಹೊಟ್ಟೆ ಇದ್ದಿತೆಂಬುದನ್ನು ನಾವು ಮರೆಯಬಾರದು. ಹೊಸ ಪಾಠದಲ್ಲಿ ಹಳೆಯ ಜಾಣ್ಮೆ ಇರಲಿ. ಹಳೆಯ ಅಸಮಾನತೆ ಬೇಡ.

ಈ ಜಾಣ್ಮೆಯನ್ನು ಬಲಪಡಿಸಿದ ಇನ್ನೊಂದು ಗುರುವೆಂದರೆ ಕ್ಷಾಮ. 1876ರಿಂದ 1878ರವರೆಗಿನ ಮಹಾಕ್ಷಾಮದ ಕಠಿನವಾದ ಪೆಟ್ಟು ಬಿದ್ದುದು ಬಯಲುಸೀಮೆಗೆ. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮಿಗಿಲಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ ಬರ್ಮಾದ ಅಕ್ಕಿ ನಿಂತು, 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದಲೂ ಅದನ್ನು ಹಿಂಬಾಲಿಸಿದ ರೋಗಗಳಿಂದಲೂ ಸತ್ತರು. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡುವಂತೆ ದೇಶವನ್ನು ಕೇಳಿಕೊಂಡರು. ಆ ಕಾಲವನ್ನು ಕಂಡ ಅಜ್ಜಿಯರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆರಿಸುತ್ತಿದ್ದರೆ ಅದು ಜಿಪುಣತನವಲ್ಲ, ನೆನಪು.

ಆ ಪಾಠವು ಏಕೆ ನಿಂತಿತು? ಒಂದೇ ಕಾರಣವನ್ನು ಹೇಳಲಾಗದು. ಕಾಫಿಯೂ ಅಡಕೆಯೂ ಲಾಭವನ್ನು ತಂದಂತೆ ಎಷ್ಟೋ ಕಡೆ ಬತ್ತದ ಗದ್ದೆ ತೋಟವಾಯಿತು, ಇಲ್ಲವೆ ಬೀಳುಬಿದ್ದಿತು. ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರಲಾರಂಭಿಸಿತು. ಕೊಟ್ಟಿಗೆಯಲ್ಲಿ ದನ ಕಡಮೆಯಾಗಿ ಕಲಗಚ್ಚಿನ ಬಾನಿಗೆ ಕೆಲಸವಿಲ್ಲವಾಯಿತು. ಮಕ್ಕಳು ಓದಿಗಾಗಿ ಬೆಂಗಳೂರು, ಮಂಗಳೂರುಗಳಿಗೆ ಹೋದರು. ಹತ್ತು ಹನ್ನೆರಡು ಎಲೆ ಹಾಕುತ್ತಿದ್ದ ಮನೆಯಲ್ಲಿ ಇಬ್ಬರೆ ಉಳಿದರು. ಆದರೂ ಕೈ ಮಾತ್ರ ಹಳೆಯ ಅಳತೆಯಲ್ಲಿಯೆ ಅಕ್ಕಿಯನ್ನು ಹಾಕುತ್ತದೆ! ನಾಟಿಯಲ್ಲಿ ಬೆನ್ನು ಬಗ್ಗಿಸಿದವರನ್ನು ಕಾಣದ ಮಗುವಿಗೆ ಎಲೆಯ ಮೇಲಿನ ಅನ್ನವು ಸುಲಭದ ವಸ್ತುವಾಗಿ ತೋರಿದರೆ ಅದು ಮಗುವಿನ ತಪ್ಪಲ್ಲ.

ಇದರ ಫಲವನ್ನು ಅಂಕೆಗಳು ಹೇಳುವುವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಲೋಕದಲ್ಲಿ ಸುಮಾರು 105 ಕೋಟಿ ಟನ್ ಆಹಾರವು ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60ರಷ್ಟು ಮನೆಗಳಿಂದಲೆ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋಗ್ರಾಂ ಎಂದು ಆ ವರದಿಯ ಅಂದಾಜು. ಇದರಲ್ಲಿ ತಿನ್ನಲಾಗದ ಸಿಪ್ಪೆ, ಮೂಳೆಗಳೂ ಸೇರಿರುವುವು ನಿಜ. ಆದರೂ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 150 ಗ್ರಾಂ ಆಯಿತು. ಐವರ ಮನೆಗೆ ವರ್ಷಕ್ಕೆ 275 ಕಿಲೋಗ್ರಾಂ. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎಂಬ ಗಾದೆಯನ್ನು ಹೇಳಿ ನಗುತ್ತಿದ್ದ ನಾವು ಈಗ ಮದುವೆಯ ಮನೆಗಳಲ್ಲಿ ಅಕ್ಕಿಯ ಆಸೆಯನ್ನು ಪೂರ್ತಿಯಾಗಿ ಬಿಟ್ಟಂತೆ ಕಾಣುತ್ತದೆ.

ಹಾಗಾದರೆ ಕಲಿಸುವುದೆಂತು? ‘ಅನ್ನವನ್ನು ಚೆಲ್ಲಬಾರದು’ ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆದರೆ ಪಾಠವಾಗದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಶಿಕ್ಷಣದ ತತ್ತ್ವವೆಂದರೆ, ಕೈಯ ಕೆಲಸದ ಮೂಲಕವೆ ಬುದ್ಧಿ ಬೆಳೆಯಬೇಕೆಂಬುದು. ಅಡಿಗೆಮನೆಗಿಂತ ಹತ್ತಿರದ ಕೆಲಸ ಇನ್ನಾವುದು? ವಿದ್ಯಾರ್ಥಿಯು ಒಂದು ವಾರ ತನ್ನ ಮನೆಯಲ್ಲಿ ಎಸೆದುದನ್ನು ತೂಗಿ ಬರೆಯಲಿ: ಬೇಯಿಸಿ ಮಿಕ್ಕಿದುದೆಷ್ಟು, ಕೊಳೆತುದೆಷ್ಟು, ಬರಿಯ ಸಿಪ್ಪೆಯೆಷ್ಟು? ಮೊದಲನೆಯದು ಅಳತೆಯ ತಪ್ಪು, ಎರಡನೆಯದು ಕೊಳ್ಳುವ ಮತ್ತು ಇಡುವ ತಪ್ಪು. ಮೂರನೆಯದು ತಪ್ಪಲ್ಲ, ಗೊಬ್ಬರ. ಕಾಫಿಯ ಹಣ್ಣಿನ ಸಿಪ್ಪೆಯನ್ನು ಗೊಬ್ಬರ ಮಾಡುವ ನಾಡಿನ ಮಕ್ಕಳಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಆ ಬಳಿಕ ಮನೆಯ ಅಜ್ಜಿಯನ್ನು ಕೇಳಿ, ಎಸೆದುದರಲ್ಲಿ ಯಾವುದು ಹಿಂದೆ ಅಡಿಗೆಯಾಗುತ್ತಿದ್ದಿತೆಂದು ಬರೆದು ತರಲಿ. ಹುಡುಗಿಯರಷ್ಟೆ ಅಲ್ಲ, ಹುಡುಗರೂ ತರಲಿ. ಗಣಿತ, ವಿಜ್ಞಾನ, ಚರಿತ್ರೆ ಮೂರೂ ಒಂದೇ ಪುಟದಲ್ಲಿ ಕೂಡುವುವು.

ಇಲ್ಲಿ ಉಪಾಧ್ಯಾಯರು ಒಂದು ಎಚ್ಚರವನ್ನು ವಹಿಸತಕ್ಕದ್ದು. ತರಗತಿಯಲ್ಲಿ ತೋಟದ ಯಜಮಾನರ ಮಗುವೂ ಕೂಲಿಯ ಲೈನಿನಲ್ಲಿ ವಾಸಿಸುವವರ ಮಗುವೂ ಒಟ್ಟಿಗೆ ಇರಬಹುದು. ಎಸೆಯಲು ಏನೂ ಇಲ್ಲದ ಮನೆಯ ಮಗು ತನ್ನ ಸೊನ್ನೆಯನ್ನು ಓದಿ ನಾಚುವಂತಾಗಬಾರದು. ಮನೆಮನೆಯ ಲೆಕ್ಕವನ್ನು ಹೋಲಿಸದೆ, ತರಗತಿಯ ಒಟ್ಟು ಮೊತ್ತವನ್ನಷ್ಟೆ ಹಲಗೆಗೆ ಏರಿಸುವುದು ಲೇಸು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಬಳಿಕ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹದ ಮಧ್ಯಾಹ್ನದ ಪಂಕ್ತಿಯಂತೂ ಸಿದ್ಧವಾದ ಪಾಠಶಾಲೆಯೆ ಸರಿ: ಮೊದಲು ಕೊಂಚ ಬಡಿಸುವುದು, ಕೇಳಿದವರಿಗೆ ಮತ್ತೆ ಬಡಿಸುವುದು, ಹಸಿದವರನ್ನು ಎಂದೂ ತಡೆಯದಿರುವುದು.

ಕಳಸದ ಬಳಿಯ ಹೊರನಾಡಿನಲ್ಲಿ ಅನ್ನಪೂರ್ಣೆಯ ಸನ್ನಿಧಿಗೆ ಬಂದವರೆಲ್ಲರಿಗೂ ಊಟವುಂಟು, ಯಾರೆಂದು ಕೇಳುವುದಿಲ್ಲ. ಆ ಪಂಕ್ತಿಯಲ್ಲಿ ಕುಳಿತು ಎದ್ದವರಲ್ಲಿ ಎಷ್ಟು ಜನ ತಮ್ಮ ಎಲೆಯನ್ನು ತಿರುಗಿ ನೋಡುತ್ತಾರೆ? ಬಡಿಸುವ ಕೈಗೆ ಔದಾರ್ಯವು ಹೇಗೆ ಧರ್ಮವೊ, ಉಣ್ಣುವ ಕೈಗೆ ಅಳತೆಯೂ ಹಾಗೆಯೆ ಧರ್ಮ. ನಮ್ಮ ಹಿರಿಯರು ಮಳೆಗೆ ಹೆದರಿ ಈ ಅಳತೆಯನ್ನು ಕಲಿತರು. ನಮ್ಮ ಮಕ್ಕಳು ಹೆದರಿಕೆಯಿಲ್ಲದೆ, ತಿಳಿದು ಕಲಿಯಲಿ. ಅದಕ್ಕೆ ಮೊದಲ ಶಾಲೆಯಾದ ನಮ್ಮ ನಮ್ಮ ಮನೆಗಳಲ್ಲಿ ಇಂದಿನ ರಾತ್ರಿಯ ಅಕ್ಕಿಯನ್ನು ಅಳೆಯುವಾಗ ಮಗುವನ್ನು ಹತ್ತಿರಕ್ಕೆ ಕರೆದರೆ ಸಾಕು, ಪಾಠವು ಆರಂಭವಾದಂತೆ.