ಕಾಣದ ಜೀವಿಗಳ ಪಾಠ

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವರೆಲ್ಲರೂ ಬಲ್ಲ ಸಂಗತಿಯೊಂದಿದೆ. ದಾಸವಾಳದ ಹೂವನ್ನು ಬಿಡಿಸಿ ತೋರಿಸಬಹುದು, ಹೃದಯದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು. ಆದರೆ ಬ್ಯಾಕ್ಟೀರಿಯಾ ಎಂದೊಡನೆ ಮಕ್ಕಳು ಮೇಷ್ಟರ ಮಾತನ್ನು ನಂಬಬೇಕಷ್ಟೆ. ಕಾಣದ್ದನ್ನು ನಂಬಿಸಲು ನಾವು ಹಿಡಿಯುವ ಸುಲಭದ ದಾರಿ ಹೆದರಿಕೆ. ಕೈ ತೊಳೆಯುವ ಅಭ್ಯಾಸ ಒಳ್ಳೆಯದೇ. ಆದರೆ ಹೆದರಿ ಕಲಿತದ್ದು ವಿಜ್ಞಾನವಾಗದು. ಈ ಜೀವಿಗಳನ್ನು ಮನುಷ್ಯ ಕಂಡುಕೊಂಡ ಚರಿತ್ರೆಯನ್ನೇ ಮಕ್ಕಳಿಗೆ ಹೇಳುವುದು ಮೇಲೆಂಬುದು ನನ್ನ ಅಭಿಪ್ರಾಯ. ಈಗ ತಾವೇ ತಂದೆ-ತಾಯಂದಿರಾಗಿರುವ ನನ್ನ ಶಿಷ್ಯರಿಗೆ ಪ್ರಯೋಜನವಾದೀತೆಂದು ಅದನ್ನಿಲ್ಲಿ ಸಂಕ್ಷೇಪವಾಗಿ ಬರೆದಿದ್ದೇನೆ.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ 1632ರಲ್ಲಿ ಜನಿಸಿದ ಆಂಟನ್ ವಾನ್ ಲ್ಯೂವೆನ್‌ಹಾಕ್ ಜವಳಿ ವ್ಯಾಪಾರಿ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಅವನಿಗೆ ಬಾರದು. ಬಟ್ಟೆಯ ನೂಲನ್ನು ಪರೀಕ್ಷಿಸಲು ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಈತನಾದರೋ ತಾನೇ ಮಸೂರಗಳನ್ನು ತಯಾರಿಸತೊಡಗಿದ. ಉಳಿದುಬಂದಿರುವ ಅವನ ಉಪಕರಣಗಳಲ್ಲೊಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಕಾಳುಮೆಣಸು ಏಕೆ ಖಾರವಾಗಿದೆ ಎಂಬ ಪ್ರಶ್ನೆ ಅವನನ್ನು ಕಾಡಿತು. ಅದರಲ್ಲಿ ನಾಲಿಗೆಗೆ ಚುಚ್ಚುವ ಮುಳ್ಳುಗಳಿರಬಹುದೆ? ಮೆಣಸನ್ನು ನೀರಿನಲ್ಲಿ ನೆನೆಹಾಕಿ ನೋಡಿದ. ಮುಳ್ಳು ಕಾಣಲಿಲ್ಲ, ಓಡಾಡುವ ಅತಿಸೂಕ್ಷ್ಮ ಜೀವಿಗಳು ಕಂಡವು. 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅಲ್ಲಿನವರು ಮೊದಲು ನಂಬಲಿಲ್ಲ. 1677ರಲ್ಲಿ ರಾಬರ್ಟ್ ಹುಕ್ ಅದೇ ಪ್ರಯೋಗವನ್ನು ಮಾಡಿ, ಕಂಡದ್ದು ನಿಜವೆಂದು ಸಾರಿದ. 1683ರಲ್ಲಿ ಲ್ಯೂವೆನ್‌ಹಾಕ್ ತನ್ನ ಹಲ್ಲಿನ ಸಂದಿಯ ಬಿಳಿಯ ಪಾಚಿಯಲ್ಲಿಯೂ ಇಂತಹ ಜೀವಿಗಳಿರುವುದನ್ನು ವರದಿ ಮಾಡಿದ. ಈ ಭಾಗವನ್ನು ಹೇಳಿದರೆ ಮಕ್ಕಳ ನಾಲಿಗೆ ತಾನಾಗಿಯೇ ಹಲ್ಲಿನತ್ತ ಹೋಗುತ್ತದೆ!

ಆದರೆ ಕಂಡ ಮಾತ್ರಕ್ಕೆ ಅರಿವು ಬರಲಿಲ್ಲ. ಕೊಳೆಯುವ ವಸ್ತುವಿನಲ್ಲಿ ಜೀವ ತಾನಾಗಿ ಹುಟ್ಟುತ್ತದೆಂದೇ ಅನೇಕರು ತಿಳಿದಿದ್ದರು. 1860ರ ಆಸುಪಾಸಿನಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಹಂಸದ ಕೊರಳಿನಂತೆ ಬಾಗಿದ ಕತ್ತಿನ ಗಾಜಿನ ಪಾತ್ರೆಗಳಲ್ಲಿ ಪೋಷಕ ದ್ರವವನ್ನು ಕುದಿಸಿಟ್ಟ. ಗಾಳಿ ಒಳಹೋಗುತ್ತಿತ್ತು; ಧೂಳು ಬಾಗಿನಲ್ಲಿಯೇ ನಿಲ್ಲುತ್ತಿತ್ತು. ದ್ರವ ಕೆಡಲಿಲ್ಲ. ಕತ್ತನ್ನು ಮುರಿದೊಡನೆ ಧೂಳು ಸೇರಿ, ಕೆಲವೇ ದಿನಗಳಲ್ಲಿ ಕೆಟ್ಟಿತು. ಬೀಜವಿಲ್ಲದೆ ಬೆಳೆಯಿಲ್ಲವೆಂಬುದು ಸಿದ್ಧವಾಯಿತು. ನಿರ್ದಿಷ್ಟ ಬ್ಯಾಕ್ಟೀರಿಯಾದಿಂದ ನಿರ್ದಿಷ್ಟ ರೋಗ ಬರುವುದನ್ನು ನೆರಡಿ ರೋಗದ ಅಧ್ಯಯನದಿಂದ ಜರ್ಮನಿಯ ರಾಬರ್ಟ್ ಕಾಕ್ ತೋರಿಸಿದ್ದು 1876ರಲ್ಲಿ. ಲ್ಯೂವೆನ್‌ಹಾಕನ ಪತ್ರಕ್ಕೆ ಆಗ 200 ವರ್ಷ! 1882ರಲ್ಲಿ ಕಾಕ್ ಕ್ಷಯರೋಗದ ಬ್ಯಾಕ್ಟೀರಿಯಾವನ್ನೂ ಗುರುತಿಸಿದ.

ಈ ಕಥೆಯಲ್ಲಿ ಅಡುಗೆಮನೆಯ ಪಾಲೂ ಇದೆ. ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಸೆಕೆಗೆ ಕರಗಿಬಿಡುತ್ತಿತ್ತು. ಕಾಕ್‌ನ ಸಹಾಯಕ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ, ತಾನು ಅಡುಗೆಯಲ್ಲಿ ಉಪಯೋಗಿಸುತ್ತಿದ್ದ ಅಗಾರ್ ಬಳಸಲು 1881ರಲ್ಲಿ ಸೂಚಿಸಿದಳು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಇದೇ ಕಡಲಪಾಚಿಯ ಸಾರ. ಕಾಕ್ ತನ್ನ ಪ್ರಬಂಧದಲ್ಲಿ ಅಗಾರನ್ನು ಹೆಸರಿಸಿದ, ಆಕೆಯನ್ನು ಹೆಸರಿಸಲಿಲ್ಲ. ಇಂದಿಗೂ ಪ್ರಯೋಗಾಲಯಗಳು ಅಗಾರನ್ನೇ ನೆಚ್ಚಿಕೊಂಡಿವೆ. ಈ ಮಾತನ್ನು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ತಪ್ಪದೆ ಹೇಳಬೇಕು.

ಇನ್ನು ಪ್ರಯೋಗ. ಕಾಯಿಸಿದ ಹಾಲನ್ನು ಮೂರು ಶುಭ್ರವಾದ ಬಟ್ಟಲುಗಳಲ್ಲಿ ತೆಗೆದುಕೊಳ್ಳಿ. ಒಂದರಲ್ಲಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ; ಎರಡನೆಯದರಲ್ಲಿ ಅಂತಹುದೇ ಹಾಲಿಗೆ ಏನನ್ನೂ ಹಾಕಬೇಡಿ; ಮೂರನೆಯದರಲ್ಲಿ ಒಂದೆರಡು ಹನಿ ಹೆಪ್ಪಿನ ಮೇಲೆ ಕುದಿಯುವ ಹಾಲನ್ನು ದೊಡ್ಡವರೇ ಸುರಿಯಿರಿ. ಮುಚ್ಚಿಟ್ಟು ಬೆಳಿಗ್ಗೆ ನೋಡಿ. ಮೊದಲನೆಯದು ಮೊಸರಾಗಿರುತ್ತದೆ, ಉಳಿದೆರಡು ಹಾಗೆ ಹೆಪ್ಪುಗಟ್ಟಿರುವುದಿಲ್ಲ. ಏಕೆಂದು ನೀವು ಹೇಳಬೇಡಿ, ಮಕ್ಕಳೇ ಹೇಳಲಿ. ಹೆಪ್ಪಿನಲ್ಲಿ ಜೀವವಿದೆ, ಕುದಿಯುವ ಹಾಲು ಅದನ್ನು ಕೊಲ್ಲುತ್ತದೆ ಎಂಬಲ್ಲಿಗೆ ಅವರು ಬಂದರೆ ಪಾಶ್ಚರನ ಪಕ್ಕದಲ್ಲಿ ನಿಂತಂತೆ.

ಇದರಿಂದ ಆಗುವ ಪ್ರಯೋಜನ ಪರೀಕ್ಷೆಯ ಅಂಕಕ್ಕಿಂತ ದೊಡ್ಡದು. ಬ್ಯಾಕ್ಟೀರಿಯಾಗಳೆಲ್ಲ ಶತ್ರುಗಳೆಂದು ಕಲಿತ ಮಗು ಬೆಳೆದು, ಪ್ರತಿಯೊಂದು ನೆಗಡಿಗೂ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗುತ್ತದೆ. ನೆಗಡಿ ವೈರಸ್ಸಿನಿಂದ ಬರುವಂಥದು; ಆ ಮಾತ್ರೆ ಅದಕ್ಕೆ ನಾಟದು. ಅನವಶ್ಯಕವಾಗಿ ನುಂಗಿದಷ್ಟೂ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ನಿಜವಾಗಿ ಬೇಕಾದಾಗ ಔಷಧಿ ಕೈಕೊಡುತ್ತದೆ. ಯಾವುದು ಮಿತ್ರ, ಯಾವುದು ಶತ್ರು, ಯಾವುದು ಬೇರೆಯೇ ಜಾತಿಯದು ಎಂದು ವಿಚಾರಿಸುವ ಬುದ್ಧಿ ಹೆದರಿಕೆಯಿಂದ ಹುಟ್ಟುವುದಿಲ್ಲ. ಒಂದು ಬಟ್ಟಲು ಮೊಸರಿನಿಂದ ಅದನ್ನು ಆರಂಭಿಸಬಹುದು. ಮನೆಯಲ್ಲಿ ಮಾಡಿ ನೋಡಿ. ಮಕ್ಕಳು ಕೇಳಿದ ಪ್ರಶ್ನೆಗಳನ್ನು ನನಗೂ ಬರೆದು ತಿಳಿಸಿ.