ಸುರಂಗದ ನೀರು, ಗಡಿಗೆಯ ಇನ್ಸುಲಿನ್

ಬೀದರ್ ನಗರದ ನೌಬಾದಿನಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ಬಾವಿಯೊಂದಿದೆ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ 15ನೇ ಶತಮಾನದ ಕೆಲಸ ಅದು. ಕರೇಜ್ ಎಂಬ ಆ ವಿದ್ಯೆ ಬಂದದ್ದು ಪರ್ಷಿಯಾದಿಂದ. ಜಂಬಿಟ್ಟಿಗೆಯೊಳಗೆ ಇಂಗಿದ ಮಳೆನೀರನ್ನು ಹಿಡಿದು, ಬಿಸಿಲಿಗೆ ಆವಿಯಾಗಗೊಡದೆ ಊರಿಗೆ ಮುಟ್ಟಿಸಿದರು. ದೂರ ಸಾಗಬೇಕಾದದ್ದನ್ನು ಬಿಸಿಲಿನಿಂದ ಮರೆಮಾಡಿದರೆ ಅರ್ಧ ಕೆಲಸ ಮುಗಿಯಿತೆಂಬ ಲೆಕ್ಕ ಅದರಲ್ಲಿದೆ. ಬೀದರಿನಿಂದ ಭಾಲ್ಕಿಗೋ ಔರಾದಿಗೋ ಇನ್ಸುಲಿನ್ ಒಯ್ಯುವವರಿಗೂ ಈ ಲೆಕ್ಕವೇ ಸಲ್ಲುತ್ತದೆ, ಐಸಿನ ಲೆಕ್ಕವಲ್ಲ ಎಂಬುದು ನನ್ನ ವಾದ.

1922ರ ಜನವರಿ 11ರಂದು ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ನಿನ ಮೊದಲ ಸೂಜಿ ಚುಚ್ಚಿದರು. ಆಗ ಅಲ್ಲಿನ ಮನೆಗಳಲ್ಲೇ ಫ್ರಿಜ್ ಅಪರೂಪ. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರಿನ ಮಾತು ಹೇಳುವುದೇ ಬೇಡ. ಈ ಔಷಧ ಒಂದು ಪ್ರೋಟೀನು. ಅತಿ ಬಿಸಿಯಲ್ಲಿ ಅದರ ರಚನೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಎರಡನೆಯದನ್ನು ನಾವು ಮರೆಯುವುದೇ ಹೆಚ್ಚು. ಸೀಲ್ ಒಡೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು, ನಿಜ. ಬಳಕೆಯಲ್ಲಿರುವುದನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇಡಬಹುದು. ನಿಖರ ಮಿತಿ ಆಯಾ ಔಷಧದ ಚೀಟಿಯಲ್ಲಿರುತ್ತದೆ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕಿಗೆ ತಾಗಿ ಹೆಪ್ಪುಗಟ್ಟಿದ ಬಾಟಲಿ ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಇರಬಹುದು, ಆದರೂ ಎಸೆಯಲೇಬೇಕು. ಕಾಪಾಡಲೆಂದು ಇಟ್ಟ ಐಸೇ ಕೊಂದಂತಾಯಿತು.

30 ಡಿಗ್ರಿಯ ಒಳಗಿಡುವ ವಿದ್ಯೆ ಇಲ್ಲಿನವರಿಗೆ ಹೊಸದೇನಲ್ಲ. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪಿನಿಂದ ನೀರು ತಣಿಸುತ್ತಿದ್ದುದನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ದಾಖಲಿಸಿದ್ದಾನೆ. ಬಡವರ ಪಾಲಿಗೆ ಗಡಿಗೆಯೇ ಪೆಟ್ಲುಪ್ಪು. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ಹೊರಗೆ 40 ಡಿಗ್ರಿ, ಗಾಳಿಯಲ್ಲಿ ತೇವಾಂಶ ಶೇ. 20 ಇದ್ದರೆ, ಗಾಳಿಯಾಡುವಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು 22ರ ಆಸುಪಾಸು ಇಳಿಯುತ್ತದೆ. ಗಡಿಗೆ ಅಷ್ಟು ಇಳಿಯದಿದ್ದರೂ ಹತ್ತಿರಕ್ಕೆ ಬರುತ್ತದೆ. ಇದು ಅಜ್ಜಿ ಕಾಲದ ಮಾತು, ಔಷಧದ ವಿಷಯದಲ್ಲಿ ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೀನ್ಯಾದ ದಾಗಹಲೆ ನಿರಾಶ್ರಿತರ ಶಿಬಿರದಲ್ಲಿ ಮನೆಗಳ ತಾಪಮಾನ ಅಳೆದು, ಅದೇ ಏರಿಳಿತದಲ್ಲಿ, ಅಂದರೆ 25ರಿಂದ 37 ಡಿಗ್ರಿಯ ನಡುವೆ, ನಾಲ್ಕು ವಾರ ಇಟ್ಟ ಇನ್ಸುಲಿನ್ನನ್ನು ಜಿನೀವಾ ವಿಶ್ವವಿದ್ಯಾಲಯದವರು ಪರೀಕ್ಷಿಸಿದರು. ಫ್ರಿಜ್ಜಿನಲ್ಲಿಟ್ಟದ್ದಕ್ಕೂ ಇದಕ್ಕೂ ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2021ರಲ್ಲಿ ಪ್ರಕಟವಾಯಿತು. ಇದನ್ನು ಚೀಟಿಯ ಮಿತಿ ಮೀರಲು ಪರವಾನಗಿ ಎಂದು ಓದಬಾರದು. ಫ್ರಿಜ್ ಇಲ್ಲವೆಂದು ಸೂಜಿಯನ್ನೇ ಬಿಡುವವರಿಗೆ ಇದು ಧೈರ್ಯ, ಅಷ್ಟೇ.

ಮಳೆಗಾಲದಲ್ಲಿ ಗಡಿಗೆ ಕೈಕೊಡುತ್ತದಲ್ಲ ಎನ್ನುವಿರಾದರೆ, ಹೌದು. ಗಾಳಿಯೇ ತೊಯ್ದಿರುವಾಗ ನೀರು ಆವಿಯಾಗದು. ಆದರೆ ಸುರಿಯುವ ಮಳೆಯಲ್ಲಿ ಬಿಸಿಲೂ ಅಷ್ಟು ಸುಡುವುದಿಲ್ಲ. ಗಡಿಗೆ ಹೊತ್ತು ಯಾರು ಬಸ್ಸೇರುತ್ತಾರೆ ಎಂಬುದು ಇನ್ನೂ ಗಟ್ಟಿ ಪ್ರಶ್ನೆ. ಭಾಲ್ಕಿಗೆ ವಿಕಾರಾಬಾದ್–ಪರಳಿ ಹಳಿಯ ರೈಲಾದರೂ ಇದೆ, ಔರಾದಿಗೆ ರಸ್ತೆಯೇ ಗತಿ. ನೀರು ಹೀರುವ ಹರಳು ತುಂಬಿ ಹೊಲಿದ ಬಟ್ಟೆಚೀಲಗಳು ಈಗ ಔಷಧದಂಗಡಿಗಳಲ್ಲಿ ಸಿಗುತ್ತವೆ. ಅವು ಗಡಿಗೆಯ ಮೊಮ್ಮಕ್ಕಳು. ಅದೂ ಇಲ್ಲದಿದ್ದರೆ ಬಾಟಲಿಯನ್ನು ಒಣ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮೇಲೆ ಒದ್ದೆ ಅರಿವೆ ಸುತ್ತಬಹುದು, ಒಣಗಿದಾಗ ಮತ್ತೆ ತೋಯಿಸಬೇಕು. ಇಂಜಿನ್ನಿನ ಬಳಿ, ಬಸ್ಸಿನ ಟಾಪಿನ ಮೇಲೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬಾರದು. ಒದ್ದೆ ಅರಿವೆಗೆ ಗಾಳಿ ಬೇಕು. ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅದು ಬರೀ ಒದ್ದೆ ಅರಿವೆ.